ನಾನು ಕಳಿಸದೆ ಬಂದವಳು

ನನಗೆ ದರ್ಶನವಾಯಿತು, ಕನಸಿನಲ್ಲಿ ಬಂದು ಹೇಳಿದರು, ಬೆಳಕು ಕಂಡಿತು ಎಂದು ಯಾರಾದರೂ ಹೇಳಿದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ನಾನು. ನಮ್ಮದು ತಾತನ ಕಾಲದಿಂದ ಕ್ರೈಸ್ತ ಮನೆ. ಭಾನುವಾರದ ಪೂಜೆ ತಪ್ಪಿಸಿದವನಲ್ಲ. ಆದರೆ ದೇವರು ಚರ್ಚಿನಲ್ಲಿರುತ್ತಾನೆ, ನಾವು ಮನೆಯಲ್ಲಿರುತ್ತೇವೆ, ನಡುವೆ ಹೋಗಿಬರುವ ವ್ಯವಹಾರವೇನೂ ಇಲ್ಲ ಎಂದುಕೊಂಡೇ ಬದುಕಿದ್ದೆ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನೇ ನಂಬುತ್ತಿರಲಿಲ್ಲ. ನೀವು ನಂಬಲೇಬೇಕು ಎಂದು ನಾನೂ ಕೇಳುವುದಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಕಟ್ಟಿ ಬರೆಯುವುದಕ್ಕೆ ಬರುವುದಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಇದರಲ್ಲಿ ವಿಚಿತ್ರ ಎನ್ನಿಸುವುದು ಸ್ವಲ್ಪ. ನಾಚಿಕೆಗೇಡಿನದೇ ಹೆಚ್ಚು.

ಮದ್ದೂರಿನಿಂದ ಮಳವಳ್ಳಿ ಕಡೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ನಮ್ಮ ಊರು. ಊರಿನ ಒಂದು ಬದಿಗೆ ನಮ್ಮವರದೊಂದು ಬೀದಿ, ಬೀದಿಯ ಕೊನೆಗೆ ಸಣ್ಣ ಚರ್ಚು. ಸುತ್ತಲಿನ ಜಮೀನೆಲ್ಲ ಊರಗೌಡರದು. ಅವರ ಗದ್ದೆಗಳಲ್ಲಿ ಕಬ್ಬು ಕಡಿದೇ ನಮ್ಮಪ್ಪ ನಮ್ಮಿಬ್ಬರನ್ನು ಸಾಕಿದ್ದು, ನನ್ನನ್ನೂ ನನ್ನ ತಂಗಿ ಲೂರ್ದಮ್ಮನನ್ನೂ. ನಾನು ಸೋಮನಹಳ್ಳಿ ಹತ್ತಿರ ಒಂದು ಸಣ್ಣ ಕಾರ್ಖಾನೆಯಲ್ಲಿ ಮೆಷೀನ್ ಕೆಲಸಕ್ಕೆ ಸೇರಿಕೊಂಡೆ. ಲೂರ್ದುವನ್ನು ಬೆಸಗರಹಳ್ಳಿ ದಾಟಿ ಒಳಗಿನ ಒಂದು ಊರಿಗೆ ಕೊಟ್ಟೆವು. ಗಂಡ ಚೌರಿ, ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಹುಡುಗ ನಮ್ಮ ಪೈಕಿಯವನೇ, ಪೂಜೆಗೆ ಬರುತ್ತಾನೆ, ಹಾಡುತ್ತಾನೆ ಎಂದು ನೋಡಿದೆವು. ಕುಡಿಯುತ್ತಾನೆ, ಕುಡಿದರೆ ಹೊಡೆಯುತ್ತಾನೆ ಎನ್ನುವುದನ್ನು ನೋಡಲಿಲ್ಲ.

ಮೊದಲ ಸಲ ತುಟಿ ಒಡೆಸಿಕೊಂಡು ನಮ್ಮ ಮನೆಗೆ ಬಂದವಳಿಗೆ ನಾನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ನಿಂದೂ ಬಾಯಿ ಜಾಸ್ತಿ ಕಣಮ್ಮ, ಒಸಿ ಇಡ್ಕ" ಎಂದೆ. ಹೊಡೆದವನಿಗೆ ಏನೂ ಹೇಳಲಿಲ್ಲ. ಬಸ್ಸಿಗೆ ಹತ್ತಿಸಿ ಬಂದೆ. ಎರಡನೇ ಸಲವೂ ಹಾಗೇ. ಮೂರನೇ ಸಲ ಅವಳು ಬರಲಿಲ್ಲ, ಫೋನ್ ಮಾಡಿದಳು. "ಅಣ್ಣ, ಇವ್ನು ಒಂದಿನ ನನ್ನ ಮುಗುಸ್ಬುಡ್ತಾನೆ" ಎಂದಳು. "ಪ್ರಾರ್ಥನೆ ಮಾಡ್ಕೊ, ನಾನೂ ಮಾಡ್ತೀನಿ" ಎಂದೆ. ಆ ಮಾತು ಬರೆಯುವಾಗ ನನ್ನ ಕೈಗೇ ಅಸಹ್ಯವಾಗುತ್ತಿದೆ.

ಅಕ್ಟೋಬರ್ ಬಂದರೆ ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಇದೆ. ಚರ್ಚಿನಲ್ಲಿರುವ ಮರಿಯಮ್ಮ ಮಾತೆಯ ಸಣ್ಣ ಪ್ರತಿಮೆಯನ್ನು ದಿನಕ್ಕೊಂದು ಮನೆಗೆ ಒಯ್ಯುತ್ತೇವೆ. ಸಂಜೆ ಬೀದಿಯವರೆಲ್ಲ ಆ ಮನೆಯಲ್ಲಿ ಸೇರಿ ಜಪಸರ ಹಿಡಿದು ಪ್ರಾರ್ಥಿಸುತ್ತೇವೆ. ಕೊನೆಗೆ ಮನೆಯ ಯಜಮಾನ ಎದ್ದು ನಿಂತು ಒಂದು ಕೋರಿಕೆಯನ್ನು ತನ್ನದೇ ಮಾತಿನಲ್ಲಿ ದೇವರ ಮುಂದಿಡಬೇಕು. ಆಮೇಲೆ ಕಡ್ಲೆಪುರಿ, ಟೀ. ಮಾತೆ ಆ ರಾತ್ರಿ ಆ ಮನೆಯ ಅತಿಥಿ. ಮಾರನೆಯ ಸಂಜೆ ಮುಂದಿನ ಮನೆಗೆ ಹೊರಡುವ ತನಕ ಯಜಮಾನ ಊರು ಬಿಟ್ಟು ಹೋಗಬಾರದು, ಮನೆಗೆ ಬಂದ ತಾಯಿಯನ್ನು ಬಿಟ್ಟು ಹೋದ ಹಾಗಾಗುತ್ತದೆ ಎಂದು ಹಿರಿಯರು ಮಾಡಿಟ್ಟಿದ್ದಾರೆ. ಚರ್ಚಿನ ಯಾವ ಗುರುಗಳೂ ಹೇಳಿಕೊಟ್ಟದ್ದಲ್ಲ, ನಾವೇ ಕಟ್ಟಿಕೊಂಡದ್ದು. ಅವತ್ತು ಕೆಲಸಕ್ಕೂ ರಜೆ ಹಾಕುತ್ತೇವೆ.

ಆ ವರ್ಷ ನಮ್ಮ ಗುರುಗಳು, ಹಿಂಸೆಗೆ ಸಿಕ್ಕಿ ನರಳುವವರಿಗಾಗಿ ಎಲ್ಲ ಮನೆಗಳಲ್ಲೂ ಪ್ರಾರ್ಥಿಸಬೇಕು ಎಂದು ಹೇಳಿದ್ದರು. ಟಿವಿಯಲ್ಲಿ ದಿನವೂ ಎಲ್ಲೋ ಯುದ್ಧ, ಎಲ್ಲೋ ಮನೆಗಳು ಉರಿಯುವುದು, ಮಕ್ಕಳನ್ನು ಎತ್ತಿಕೊಂಡು ಓಡುವ ಹೆಂಗಸರು. ನೋಡಿ ನಮಗೂ ಮರುಕವಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಒಂದೊಂದು ಮನೆಯಲ್ಲೂ ಒಬ್ಬೊಬ್ಬರು ಚೆನ್ನಾಗಿ ಬೇಡಿಕೊಳ್ಳುತ್ತಿದ್ದರು. ನನಗೆ ದನಿ ಚೆನ್ನಾಗಿದೆ ಎಂದು ಬೀದಿಯಲ್ಲಿ ಹೆಸರು. ನನ್ನ ಮನೆಯ ಸರದಿ ಬರುವ ಹೊತ್ತಿಗೆ, ಇನ್ನೂ ಚೆನ್ನಾಗಿ ಹೇಳಬೇಕು ಎಂದು ಕೆಲಸದ ನಡುವೆಯೇ ಮಾತು ಜೋಡಿಸಿಕೊಂಡಿದ್ದೆ.

ಆ ಸಂಜೆ ನಮ್ಮ ಹಜಾರ ತುಂಬಿ ಜಗಲಿಯಲ್ಲೂ ಜನ ಕೂತಿದ್ದರು. ಜಪಸರ ಮುಗಿಯುತ್ತಾ ಬಂದಿತ್ತು. ನನ್ನ ಅಂಗಿ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಲೂರ್ದು. ಕಟ್ ಮಾಡಿದೆ. ಮತ್ತೆ ಹೊಡೆದುಕೊಂಡಿತು. ಪಕ್ಕದಲ್ಲಿ ಕೂತಿದ್ದ ಅಂತೋಣಪ್ಪ, ನಮ್ಮ ಚರ್ಚಿನ ಹಿರಿಯ, ಬಸ್ಸಿನ ಡ್ರೈವರ್ ಆಗಿ ನಿವೃತ್ತನಾದವನು, ನನ್ನ ಕಡೆ ಕಣ್ಣು ಬಿಟ್ಟ. ನಾನು ಫೋನನ್ನು ಪೂರಾ ಆಫ್ ಮಾಡಿದೆ. ಆಮೇಲೆ ಎದ್ದು ನಿಂತು, ಜೋಡಿಸಿಕೊಂಡದ್ದನ್ನೆಲ್ಲ ಹೇಳಿದೆ. "ಪ್ರಭುವೇ, ಹೊಡೆತ ತಿನ್ನುತ್ತಿರುವವರ ಬಾಗಿಲಲ್ಲಿ ಯಾರನ್ನಾದರೂ ಕೂರಿಸು. ಹೊಡೆಯುವ ಕೈ ದಾಟಿ ಹೋಗದ ಹಾಗೆ ಅಡ್ಡ ಕೂರಿಸು. ಅವರಿಗೆ ಯಾರೂ ಇಲ್ಲ ಎನ್ನಿಸದ ಹಾಗೆ ಮಾಡು." ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಅಂತೋಣಪ್ಪ ಬೆನ್ನು ತಟ್ಟಿ, "ಏನ್ ಪ್ರಾರ್ಥನೆ ಮಾಡ್ದೆ ಕಣ್ಲಾ! ಗುರುಗೋಳೂ ಇಂಗ್ ಮಾಡಾಕಿಲ್ಲ" ಎಂದ. ನಾನು ಉಬ್ಬಿಹೋದೆ.

ಜನ ಹೋದ ಮೇಲೆ ಫೋನ್ ಆನ್ ಮಾಡಿ ತಂಗಿಗೆ ಹಚ್ಚಿದೆ. ಅವಳದು ಸ್ವಿಚ್ ಆಫ್. ಚೌರಿಯದು ಹೊಡೆದುಕೊಳ್ಳುತ್ತಿತ್ತು, ಎತ್ತಲಿಲ್ಲ. ಅವಳು ಆ ಹೊತ್ತಿನಲ್ಲಿ ಸುಮ್ಮಸುಮ್ಮನೆ ಫೋನ್ ಮಾಡುವವಳಲ್ಲ. ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿದ್ದೇನೆ, ನಿಮಗೆ ಹೇಳುವುದಿಲ್ಲ.

ನನ್ನ ಹೆಂಡತಿ ಸ್ಟೆಲ್ಲಾ, "ಗಾಡಿ ತಕ್ಕೊಂಡು ಓಗು" ಎಂದಳು.

"ಮಾತೆ ಮನೇಲವ್ಳೆ. ಎಂಗ್ ಓಗ್ಲಿ?"

"ಮಾತೆಯೇನ್ ಎದ್ದು ಓಡೋಯ್ತಾಳಾ? ನಾನಿಲ್ವಾ ಇಲ್ಲಿ?"

"ಯಜಮಾನ ಬಿಟ್ಟೋಗ್ಬಾರ್ದು ಕಣೆ. ನಾಳೆ ಜನ ಏನಂದಾರು?"

ಅವಳು ನನ್ನನ್ನೇ ನೋಡಿದಳು. "ಆ ತಾಯಿಗೂ ಒಬ್ಬ ಮಗ ಇದ್ದ. ಅವನ್ನ ಒಡೀವಾಗ ಬೀದಿ ಜನ ಎಲ್ಲಾ ಇಂಗೇ ಮನೇಲಿ ಕುಂತಿದ್ರು" ಎಂದು ಹೇಳಿ ಒಳಗೆ ಹೋದಳು. ನಾನು ಹೋಗಲಿಲ್ಲ. ಪ್ರತಿಮೆಯ ಮುಂದೆ ಮೇಣದ ಬತ್ತಿ ಬದಲಿಸಿದೆ, ಚಾಪೆ ಹಾಸಿಕೊಂಡು ಅಲ್ಲೇ ಮಲಗಿದೆ. ಪಿಂಗಾಣಿಯ ತಾಯಿಯನ್ನು ಕಾಯುವುದಕ್ಕೆ ಮೈಯಲ್ಲಿ ಎಷ್ಟು ಭಕ್ತಿ ಇತ್ತು ನೋಡಿ! ನನ್ನ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳು, ಗಾಡಿಯಲ್ಲಿ ಹೋದರೆ ಒಂದು ಗಂಟೆಯೂ ಆಗದ ದೂರದಲ್ಲಿ ಇದ್ದಳು. ಪದ್ಧತಿ ನನ್ನನ್ನು ಕಟ್ಟಿಹಾಕಿತು ಎಂದರೆ ಅದೂ ಸುಳ್ಳೇ. ಹೋದರೆ ಚೌರಿಯ ಜೊತೆ ಜಗಳ, ಅವಳನ್ನೂ ಅವಳ ಪುಟ್ಟ ಮಗಳನ್ನೂ ಕರೆದುಕೊಂಡು ಬರಬೇಕು, ಬೀದಿಯಲ್ಲಿ ಮಾತು. ಹೋಗದೆ ಇರುವುದಕ್ಕೆ ನನಗೊಂದು ಪವಿತ್ರವಾದ ನೆಪ ಬೇಕಿತ್ತು, ಸಿಕ್ಕಿತು.

ಬೆಳಗ್ಗೆ ಸ್ಟೆಲ್ಲಾ ಟೀ ಕೊಡಲಿಲ್ಲ. ಗಾಡಿಯ ಕೀಲಿಯನ್ನು ತಂದು ನನ್ನ ಚಾಪೆಯ ಮೇಲೆ ಎಸೆದಳು. ಅವಳ ಮುಖಕ್ಕೆ ಹೆದರಿ ಹೊರಟೆ, ತಂಗಿಯ ಮೇಲಿನ ಪ್ರೀತಿಗೆ ಅಲ್ಲ.

ಲೂರ್ದುವಿನ ಮನೆ ಊರಿಂದ ಸ್ವಲ್ಪ ಹೊರಗೆ, ಎರಡು ಕಡೆಯೂ ಕಬ್ಬಿನ ಗದ್ದೆ, ನಡುವೆ ನೆಟ್ಟಗಿನ ಮಣ್ಣು ರಸ್ತೆ. ನಾನು ಹೋದಾಗ ಬಿಸಿಲು ಏರಿತ್ತು. ಬಾಗಿಲು ತೆರೆದೇ ಇತ್ತು. ಆ ಬಾಗಿಲಲ್ಲಿ ಒಬ್ಬ ವಯಸ್ಸಾದ ಹೆಂಗಸು ಅಡ್ಡಡ್ಡ ಕೂತಿದ್ದಳು. ಒಂದು ಬದಿಯ ಚೌಕಟ್ಟಿಗೆ ಬೆನ್ನು, ಇನ್ನೊಂದು ಬದಿಯ ಚೌಕಟ್ಟಿಗೆ ಎರಡೂ ಪಾದ ಒತ್ತಿಕೊಂಡು, ಯಾರೂ ದಾಟಿ ಹೋಗದ ಹಾಗೆ. ಚೌಕುಳಿ ಸೀರೆ, ಪಕ್ಕದಲ್ಲಿ ಒಂದು ಬಟ್ಟೆ ಚೀಲ. ಮುಂಗೈ ತುಂಬ ಕಬ್ಬಿನ ಗರಿ ಕೊಯ್ದ ಗೀರುಗಳು. ಕತ್ತಿನಲ್ಲಿ ಶಿಲುಬೆಯಿಲ್ಲ, ಹಣೆಯಲ್ಲಿ ಕುಂಕುಮವೂ ಇಲ್ಲ. ಅವಳನ್ನು ನಾನು ಯಾವತ್ತೂ ಕಂಡವನಲ್ಲ. ಅಂಗಳದ ಆ ಕೊನೆಯಲ್ಲಿ ಚೌರಿ ಟ್ರ್ಯಾಕ್ಟರಿನ ಟ್ರೈಲರ್ ಮೇಲೆ ಮುದುಡಿ ಕೂತಿದ್ದ, ನಶೆ ಇಳಿದ ಮುಖದಲ್ಲಿ.

ನಾನು ಗಾಡಿ ನಿಲ್ಲಿಸುವ ಮೊದಲೇ ಆ ಹೆಂಗಸು ಬಾಯಿ ತೆಗೆದಳು. "ಬಂದ್ಯಾ? ಅಣ್ಣ ಅನ್ನಿಸ್ಕೊಂಡೋನು ಬಿಸ್ಲು ನೆತ್ತಿಗೆ ಬಂದ್ಮೇಲೆ ಬತ್ತಾವ್ನೆ ನೋಡು. ಮೊಕ ತೊಳ್ಕೊಂಡು ಬಂದ್ಯೋ, ಅಂಗೇ ಬಂದ್ಯೋ?"

"ನೀವ್ಯಾರಮ್ಮ?" ಎಂದೆ.

"ಚೆನ್ನಾಗ್ ಕೇಳ್ದೆ ಬುಡು. ಬಾಗ್ಲಲ್ಲಿ ಯಾರ್ನಾರೂ ಕೂರ್ಸು, ಒಡೆಯೋ ಕೈ ದಾಟ್ದಂಗೆ ಅಡ್ಡ ಕೂರ್ಸು ಅಂದೋನು ನೀನೇ ಅಲ್ವಾ? ಕೂತಿವ್ನಿ. ನಿನ್ನೆ ಸಂಜೆಯಿಂದ ಕೂತಿವ್ನಿ. ಈಗ ಕೈ ಕೊಡು, ಸೊಂಟ ಇಡ್ಕಂಡದೆ."

ಅವು ನನ್ನವೇ ಮಾತು. ನನ್ನ ಮನೆಯ ಹಜಾರದಲ್ಲಿ, ನಮ್ಮ ಬೀದಿಯವರ ಮುಂದೆ ಆಡಿದ ಮಾತು. ಬೇರೇನೂ ತೋಚದೆ ಕೈ ಕೊಟ್ಟೆ. ನಾನು ಹೇಳುವುದನ್ನು ಗಮನಿಸಿ: ಆ ಕೈ ಬೆಚ್ಚಗಿತ್ತು, ಒರಟಾಗಿತ್ತು, ಎತ್ತುವಾಗ ಅವಳ ಭಾರಕ್ಕೆ ನಾನು ಮುಂದಕ್ಕೆ ಬಾಗಿದೆ. ಬಿಳಿ ಬಟ್ಟೆಯಿಲ್ಲ, ಬೆಳಕಿಲ್ಲ. ಬಾಯಲ್ಲಿ ಎಲೆಅಡಿಕೆಯ ವಾಸನೆ. ಎದ್ದು ನಿಂತು ಸೊಂಟ ನೀವಿಕೊಂಡಳು, ತೊಟ್ಟಿಯ ನೀರು ಮೊಗೆದು ಮುಖಕ್ಕೆ ಹಾಕಿಕೊಂಡಳು, ಚೀಲ ಎತ್ತಿಕೊಂಡಳು. "ಯಾವೂರಮ್ಮ ನಿಮ್ದು?" ಎಂದು ಕೇಳಿದೆ. "ಇಲ್ಲೇ, ಈ ಕಡೆಯೋಳು" ಎಂದು ಕೈಯನ್ನು ಎತ್ತಲೋ ಬೀಸಿದಳು. "ಒಳೀಕ್ ಓಗಪ್ಪ. ನನ್ನೇನ್ ನೋಡ್ತಾ ನಿಂತಿದ್ದೀಯೆ? ಅವ್ಳ್ನ ನೋಡೋಗು" ಎಂದು ಗದರಿದಳು.

ಒಳಗೆ ಹೋದೆ. ಲೂರ್ದು ಗೋಡೆಗೆ ಒರಗಿ ಕೂತಿದ್ದಳು. ಒಂದು ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿತ್ತು. ಮಗಳು ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ನನ್ನನ್ನು ನೋಡಿದ ತಕ್ಷಣ ತಂಗಿ ಅತ್ತಳು, ಅತ್ತುಕೊಂಡೇ ಹೇಳಿದಳು. ನನಗೆ ಫೋನ್ ಮಾಡುತ್ತಿದ್ದಾಗಲೇ ಚೌರಿ ಅದನ್ನು ಕಿತ್ತುಕೊಂಡು ಕಲ್ಲಿಗೆ ಬಡಿದಿದ್ದಾನೆ. ಆಮೇಲೆ ಹೊಡೆದಿದ್ದಾನೆ. ದೊಣ್ಣೆ ತರುತ್ತೇನೆಂದು ಅಂಗಳಕ್ಕೆ ಇಳಿದಿದ್ದಾನೆ. ಅವನು ತಿರುಗಿ ಬರುವಷ್ಟರಲ್ಲಿ ಬಾಗಿಲಲ್ಲಿ ಆ ಹೆಂಗಸು ಕೂತಿದ್ದಳು. ಅವಳು ಬಂದದ್ದನ್ನು ಇವಳೂ ನೋಡಿಲ್ಲ, ಅವನೂ ನೋಡಿಲ್ಲ. ಯಾರು ನೀನು ಎಂದು ಅವನು ಕೂಗಾಡಿದ್ದಕ್ಕೆ, "ಇವರಣ್ಣನ ಮಾತಿನ ಮೇಲೆ ಬಂದಿವ್ನಿ, ಬೆಳಗಾನ ಇಲ್ಲೇ ಇರ್ತೀನಿ" ಎಂದಳಂತೆ.

"ಅಣ್ಣ, ನೀನು ಆ ಅಮ್ಮನ್ನ ಕಳುಸ್ದೆ ಇದ್ದಿದ್ರೆ ನಾನು ಇವತ್ತು ಇರ್ತಿರ್ಲಿಲ್ಲ ಕಣಣ್ಣ" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು.

ನಾನು, "ಊಂ" ಎಂದೆ.

ಒಂದೇ ಒಂದು 'ಊಂ'. ಕಳಿಸಿಲ್ಲ ಎನ್ನಬಹುದಿತ್ತು. ನೀನು ಫೋನ್ ಮಾಡಿದೆ, ನಾನು ಆಫ್ ಮಾಡಿದೆ ಎನ್ನಬಹುದಿತ್ತು. ಅವಳ ಆ ಒಂದು ಕಣ್ಣಿನ ನೋಟದಲ್ಲಿ ನಾನು ಒಳ್ಳೆಯ ಅಣ್ಣನಾಗಿ ಕಾಣುತ್ತಿದ್ದೆ. ಅದನ್ನು ಬಿಟ್ಟುಕೊಡುವುದಕ್ಕೆ ಮನಸ್ಸು ಬರಲಿಲ್ಲ.

ಹೊರಗೆ ಓಡಿಬಂದೆ. ಹೆಂಗಸು ಇರಲಿಲ್ಲ. ಆ ರಸ್ತೆ ನೆಟ್ಟಗಿನದು ಎಂದೆನಲ್ಲ, ಎರಡು ಕಡೆಯೂ ಬಹಳ ದೂರ ಕಾಣುತ್ತದೆ. ಯಾರೂ ಇಲ್ಲ. ಕಬ್ಬಿನೊಳಗೆ ಇಳಿದಿರಬಹುದು ಎಂದುಕೊಂಡೆ. ಚೌರಿಯನ್ನು ಕೇಳಿದರೆ ಅವನೇ ನನ್ನನ್ನು ಬೈದ. "ಯಾವಳ್ಲಾ ಅವ್ಳು ನೀನ್ ಕಳ್ಸಿದ್ದು? ಎಳ್ದಾಕವಾ ಅಂತ ರಟ್ಟೆ ಇಡುದ್ರೆ ಒಳ್ಕಲ್ಲಂಗೆ ಅಳ್ಳಾಡ್ಲೇ ಇಲ್ಲ. ನನ್ ಮನೆಗೆ ನನ್ನೇ ಬುಡ್ಲಿಲ್ಲ" ಎಂದ. ಅವನ ದನಿಯಲ್ಲಿ ಕೋಪಕ್ಕಿಂತ ಹೆದರಿಕೆ ಇತ್ತು.

ತಂಗಿಯನ್ನೂ ಮಗುವನ್ನೂ ಕರೆದುಕೊಂಡು ಬಂದೆ. ಆಮೇಲೆ ನಾನು ಕೇಳದ ಜಾಗವಿಲ್ಲ. ಬೆಸಗರಹಳ್ಳಿಯ ಟೀ ಅಂಗಡಿ, ಬಸ್ಸಿನ ಕಂಡಕ್ಟರು, ಆ ಊರಿನಲ್ಲಿ ಕಬ್ಬು ಕಡಿಯಲು ಬಂದಿದ್ದ ಆಳುಗಳ ಬಿಡಾರ. ಅಂಥ ಹೆಂಗಸು ಯಾರಿಗೂ ಗೊತ್ತಿಲ್ಲ. ನಮ್ಮ ಬೀದಿಯವರಲ್ಲಿ ಯಾರಾದರೂ ನನ್ನ ಪ್ರಾರ್ಥನೆಯ ಮಾತನ್ನು ಫೋನಿನಲ್ಲಿ ಯಾರಿಗಾದರೂ ಹೇಳಿದ್ದರೇ ಎಂದು ನೆಪ ಹಾಕಿ ವಿಚಾರಿಸಿದೆ. ಇಲ್ಲ. ಲೂರ್ದುವಿನ ಕರೆ ನಿಂತಿರಲಿಲ್ಲವೋ, ಅದರಲ್ಲೇ ನನ್ನ ಮಾತು ಆ ಕಡೆ ಕೇಳಿತೋ ಎಂದೂ ಯೋಚಿಸಿದೆ. ನಾನು ಎದ್ದು ನಿಲ್ಲುವ ಮೊದಲೇ ನನ್ನ ಫೋನ್ ಆಫ್ ಆಗಿತ್ತು, ಅವಳ ಫೋನ್ ಚೂರಾಗಿತ್ತು. ದಾರಿಯಲ್ಲಿ ಹೋಗುವ ಯಾವಳೋ ಪುಣ್ಯಾತ್ಗಿತ್ತಿ ಕಿರುಚಾಟ ಕೇಳಿ ಬಂದು ಕೂತಳು ಎಂದರೆ ನಂಬುತ್ತೇನೆ. ನನ್ನ ಮಾತು ಅವಳ ಬಾಯಿಗೆ ಹೇಗೆ ಬಂತು?

ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಕ್ರಿಸ್ಮಸ್ ಹತ್ತಿರ ಬಂತು. ಚೌರಿ ನಮ್ಮ ಚರ್ಚಿನ ಪೂಜೆಗೆ ಬಂದು ಪೀಠದ ಮುಂದೆ ಮೊಣಕಾಲೂರಿ ಎಲ್ಲರ ಎದುರು ಅತ್ತ, ಇನ್ನು ಕುಡಿಯುವುದಿಲ್ಲ ಎಂದು ಶಿಲುಬೆ ಮುಟ್ಟಿ ಆಣೆ ಮಾಡಿದ. ಅಂತೋಣಪ್ಪ ಮತ್ತೆ ನಾಲ್ಕು ಜನ ಹಿರಿಯರು ನಮ್ಮ ಮನೆಗೆ ಬಂದು ಕೂತರು. ಕ್ಷಮಿಸಬೇಕು ಎಂದರು. ಹೆಣ್ಣುಮಗಳು ತನ್ನ ಶಿಲುಬೆ ತಾನು ಹೊರಬೇಕು ಎಂದರು. ಮಗುವಿಗೆ ಅಪ್ಪ ಬೇಡವೇ ಎಂದರು. ಸ್ಟೆಲ್ಲಾ ಟೀ ಲೋಟ ಇಡುತ್ತಾ, "ಸ್ವಾಮಿ ಶಿಲುಬೆ ಹೊತ್ತಾಗ್ಲೂ ದಾರೀಲಿ ಹೆಗಲು ಕೊಡಕ್ಕೆ ಒಬ್ಬ ಸಿಕ್ಕಿದ್ದ. ನಿಮ್ಮಲ್ಲಿ ಯಾರ್ ಬತ್ತೀರಾ ಇವ್ಳ ಜೊತೇಲಿ?" ಎಂದು ಕೇಳಿದಳು. "ಹೆಂಗಸ್ರು ಸುಮ್ಕಿರಿ" ಎಂದ ಅಂತೋಣಪ್ಪ.

ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವಳಿಗೆ ಶಿಲುಬೆ, ಅವನಿಗೆ ಕ್ಷಮೆ! ಈ ಹಂಚಿಕೆ ಮಾಡಿಕೊಟ್ಟವರು ಯಾರು? ಒಂದು ಏಟನ್ನೂ ತಿನ್ನದವರು ಸಹನೆಯ ವಿಷಯ ಮಾತಾಡುವುದನ್ನು ಕೇಳಿದರೆ ಮೈ ಉರಿಯುತ್ತದೆ. ಏಟು ತಿಂದವಳು ತಾನಾಗಿ ಕ್ಷಮಿಸಿದರೆ ಅದು ದೊಡ್ಡದು, ಒಪ್ಪುತ್ತೇನೆ. ಜಗಲಿಯಲ್ಲಿ ಕೂತು ಟೀ ಕುಡಿಯುವವರು ಅವಳ ಪರವಾಗಿ ಕ್ಷಮಿಸುವುದಕ್ಕೆ ಯಾರು? ಅವನ ಆಣೆಯನ್ನು ಎಲ್ಲರೂ ನಂಬಿದರು. ಅವಳ ಊದಿದ ಮುಖವನ್ನು ಅಷ್ಟು ನಂಬಿದವರಿಲ್ಲ.

ಆದರೆ ಅವರು ಹೇಳಿದ್ದಕ್ಕೆ ಲೂರ್ದು ಹೋಗಲಿಲ್ಲ. ಹೋಗುವುದಿಲ್ಲ ಎಂದು ಅವರ ಮುಖಕ್ಕೇ ಹೇಳಿದಳು. ಅವರು ಎದ್ದುಹೋದ ಮೇಲೆ ಅವಳನ್ನು ಒಪ್ಪಿಸಿದವನು ನಾನು. ಬೀದಿಯಲ್ಲಿ ತಲೆ ಎತ್ತಿ ನಡೆಯುವುದು ನನಗೆ ಕಷ್ಟವಾಗಿತ್ತು. "ಓಗಮ್ಮ. ಏನಾರ ಆದ್ರೆ ನಾನಿಲ್ವಾ? ಅವತ್ತು ಕಳುಸ್ಲಿಲ್ವಾ? ಅಂಗೇ ಮತ್ತೆ ಕಳುಸ್ತೀನಿ" ಎಂದೆ. ಹೌದು, ಈ ಮಾತನ್ನು ನಾನೇ ಆಡಿದೆ. ಅವಳು ಬಟ್ಟೆ ಮಡಿಸಿ ಚೀಲಕ್ಕೆ ತುಂಬಿಕೊಂಡಳು.

ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಬರುವ ಮೊದಲೇ ಚೌರಿ ಅವಳ ಕಿವಿಯ ಮೇಲೆ ಹೊಡೆದ. ಆ ಸಲ ಬಾಗಿಲಲ್ಲಿ ಯಾರೂ ಬಂದು ಕೂರಲಿಲ್ಲ. ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರು, ಎಡಗಿವಿ ಇನ್ನು ಕೇಳಿಸುವುದಿಲ್ಲ ಎಂದರು. ಅದೇ ಹಿರಿಯರು ಹಣ್ಣು ತಂದು, ಮಂಚದ ಸುತ್ತ ನಿಂತು ಪ್ರಾರ್ಥಿಸಿದರು. ಅವಳ ಎಡಗಡೆ ನಿಂತು. ಅವಳಿಗೆ ಅದು ಕೇಳಿಸುತ್ತಿದೆಯೇ ಎಂದು ಒಬ್ಬರೂ ಕೇಳಲಿಲ್ಲ. ಸ್ಟೆಲ್ಲಾ ಅವರನ್ನೆಲ್ಲ ವಾರ್ಡಿನಿಂದ ಆಚೆ ಕಳಿಸಿ, ತಂಗಿಯ ತಲೆ ಬಾಚಿ, ಬಲಗಡೆ ಬಂದು ಕೂತಳು. ಪೊಲೀಸು ಕಂಪ್ಲೇಂಟ್ ಕೊಡಿಸಿದವಳೂ ಅವಳೇ. ನಾನು ಬಾಗಿಲ ಹತ್ತಿರವೇ ನಿಂತಿದ್ದೆ, ಒಳಗೆ ಹೋಗಲಿಲ್ಲ.

ಈಗ ಲೂರ್ದು ಮಂಡ್ಯದಲ್ಲಿ ಮಗಳ ಜೊತೆ ಒಂದು ರೂಮಿನಲ್ಲಿದ್ದಾಳೆ. ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ಕೇಸು ನಡೆಯುತ್ತಿದೆ. ನಾನು ಪ್ರಾರ್ಥನೆಯಲ್ಲಿ ಎದ್ದು ನಿಂತು ಮಾತಾಡುವುದನ್ನು ಬಿಟ್ಟಿದ್ದೇನೆ. ಹೋದ ಅಕ್ಟೋಬರಿನಲ್ಲಿ ಒಂದು ಮನೆಯ ಯಜಮಾನ ಹಿಂಸೆಗೆ ಒಳಗಾದವರಿಗಾಗಿ ಬಹಳ ಚೆನ್ನಾಗಿ ಬೇಡಿಕೊಂಡ. ಮುಗಿದ ಮೇಲೆ ನಾನು ಕೂತಲ್ಲಿಂದಲೇ, "ಯಾರ ಮನೆ ಬಾಗ್ಲಲ್ಲಿ ಕೂರವಾ, ಏಳಿ. ಈ ಬೀದೀಲೇ ಅಂಥ ಎರಡು ಮನೆ ಇವೆ, ಎಲ್ರಿಗೂ ಗೊತ್ತು" ಎಂದೆ. ಯಾರೂ ಏಳಲಿಲ್ಲ. ತಲೆ ಕೆಟ್ಟಿದೆ ಇವನಿಗೆ ಎಂದುಕೊಂಡು ಕಡ್ಲೆಪುರಿ ತಿಂದು ಹೋದರು. ಪ್ರಾರ್ಥನೆ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ಎಲ್ಲೋ ಹೋಗಿ ಮುಟ್ಟುತ್ತದೆ ಎಂದು ಈ ಬೀದಿಯಲ್ಲಿ ಕಣ್ಣಾರೆ ಕಂಡವನು ನಾನೊಬ್ಬನೇ. ಅದಕ್ಕೇ ಹೇಳುತ್ತೇನೆ, ಬಾಯಿಗೆ ಬಂದಂತೆ ಬೇಡಿಕೊಳ್ಳಬೇಡಿ.

ಆ 'ಊಂ' ಮಾತ್ರ ಹಾಗೇ ಉಳಿದಿತ್ತು. ಲೂರ್ದು ಆಗಾಗ ಆ ಅಮ್ಮ ಎಲ್ಲಿದ್ದಾರೆ ಎಂದು ಕೇಳುತ್ತಿದ್ದಳು. ಒಂದು ಸುಳ್ಳಿಗೆ ಇನ್ನೊಂದು ಸೇರಿಸಿ, ಶಿವನಸಮುದ್ರದ ಹತ್ತಿರ ಬ್ಲಫ್ ಎನ್ನುವ ಊರಿನಲ್ಲಿ, ಕರೆಂಟು ಆಫೀಸಿನ ಕ್ವಾರ್ಟರ್ಸ್‌ನಲ್ಲಿ ಮಗನ ಜೊತೆ ಇದ್ದಾಳೆ ಎಂದು ಹೇಳಿದ್ದೆ. ಹೋದ ತಿಂಗಳು ನಾನು ಮಂಡ್ಯಕ್ಕೆ ಹೋದಾಗ, ಮಗಳು ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ದಿನ ಬಂತು, ಆ ಅಮ್ಮನನ್ನು ಕರೆಯಲೇಬೇಕು, ಬಸ್ಸಿಗೆ ಹೋಗಿ ಬರೋಣ ನಡಿ ಎಂದು ಚಪ್ಪಲಿ ಮೆಟ್ಟಿಕೊಂಡೇ ಬಿಟ್ಟಳು.

ಆಗ ಹೇಳಿದೆ. ಅವಳ ಬಲಗಡೆ ನಿಂತು, ಎಲ್ಲಾ ಹೇಳಿದೆ. ಫೋನ್ ಆಫ್ ಮಾಡಿದ್ದು, ಮಾತೆಯ ನೆಪ, 'ಊಂ', ಬ್ಲಫ್. ಆ ಹೆಂಗಸು ಯಾರೋ ನನಗೆ ಗೊತ್ತಿಲ್ಲ, ನಾನು ಕಳಿಸಲಿಲ್ಲ ಎಂದೆ.

ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಚಪ್ಪಲಿ ಬಿಚ್ಚಿ ಗೋಡೆ ಬದಿಗೆ ಇಟ್ಟಳು. ನಿಧಾನವಾಗಿ ಕೇಳಿದಳು.

"ಆ ಅಮ್ಮ ನಂಗೇನ್ ಹೇಳಿದ್ಲು ಗೊತ್ತಾ ನಿಂಗೆ? ನೀನು ಬರೋಕೆ ಮುಂಚೆ, ಬೆಳಗಿನ ಜಾವ. ಈ ಮನೆಗೆ ಮತ್ತೆ ಬರ್ಬೇಡ ಕಣಮ್ಮ, ನಿಮ್ಮಣ್ಣನೇ ಬಂದು ಓಗು ಅಂದ್ರೂ ಬರ್ಬೇಡ ಅಂದ್ಲು."

ನಾನು ಅಲ್ಲೇ ನೆಲದ ಮೇಲೆ ಕೂತೆ.

"ನೀನು ಓಗು ಅಂದಾಗ ಅದು ನೆನಪಾಯ್ತು. ಆದ್ರೆ ಅವ್ಳು ನೀನು ಕಳ್ಸಿದೋಳಲ್ವಾ ಅಂದ್ಕೊಂಡೆ. ಕಳ್ಸಿದೋನೇ ಓಗು ಅಂತಾವ್ನೆ, ಬಂದೋಳ ಮಾತೇನ್ ದೊಡ್ದು ಅಂತ ಓದೆ." ಅವಳು ಎಡಗಿವಿಯ ಮೇಲೆ ಬಿದ್ದ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು. "ನೀನು ಕಳ್ಸಿಲ್ಲ ಅಂತ ಅವತ್ತೇ ಹೇಳಿದ್ರೆ ನಾನು ಅವ್ಳ ಮಾತೇ ಕೇಳ್ತಿದ್ದೆ ಕಣಣ್ಣ."

ಅಷ್ಟು ಹೇಳಿ ಒಲೆಯ ಕಡೆ ತಿರುಗಿದಳು. ಅಲ್ಲಿಂದ ಇವತ್ತಿನ ತನಕ ನನ್ನ ಜೊತೆ ಮಾತಾಡಿಲ್ಲ.

ಆ ಹೆಂಗಸು ಯಾರು ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಮಾತು ಅವಳಿಗೆ ಹೇಗೆ ಕೇಳಿತು ಎನ್ನುವುದನ್ನು ಯೋಚಿಸುವುದನ್ನೂ ಬಿಟ್ಟಿದ್ದೇನೆ. ಈಗ ರಾತ್ರಿ ಹಗಲು ತಲೆ ಕೊರೆಯುವುದು ಬೇರೆ. ಆ ಬೆಳಗಿನ ಜಾವ ನಾನು ನನ್ನ ಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದೆ. ತಂಗಿಯನ್ನು ಮತ್ತೆ ಆ ಮನೆಗೆ ಕಳಿಸುವ ಯೋಚನೆ ಇನ್ನೂ ನನ್ನ ತಲೆಗೇ ಬಂದಿರಲಿಲ್ಲ. ನಾನು ಕಳಿಸುತ್ತೇನೆ ಎಂದು ಆ ಹೆಂಗಸಿಗೆ ಅಷ್ಟು ಹೊತ್ತಿಗೇ ಗೊತ್ತಿತ್ತು.